ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳು ಕಳಿಸುವ ಆರ್ಥಿಕ ನೆರವಿನ ಪತ್ರಗಳನ್ನು ಹೋಲಿಸುವುದು ಹೇಗೆ?

ಪತ್ರದಲ್ಲಿರುವ ‘ಒಟ್ಟು ನೆರವು’ ನೋಡಿ ಹೋಲಿಸಬೇಡಿ. ಫೀಸು, ಊಟ, ವಸತಿ, ಪುಸ್ತಕ, ಓಡಾಟ ಎಲ್ಲಾ ಸೇರಿದ ವರ್ಷದ ಖರ್ಚಿನಿಂದ ವಾಪಸ್ ಕೊಡಬೇಕಿಲ್ಲದ ಗ್ರಾಂಟ್, ಸ್ಕಾಲರ್‌ಶಿಪ್ ಮಾತ್ರ ಕಳೆಯಿರಿ. ಉಳಿದದ್ದನ್ನು ಹೋಲಿಸಿ.

ಯಾಕೆಂದರೆ ಎಷ್ಟೋ ಪತ್ರಗಳಲ್ಲಿ ಸಾಲವನ್ನೂ, ಕ್ಯಾಂಪಸ್‌ನಲ್ಲಿ ದುಡಿದು ಗಳಿಸಬೇಕಾದ ವರ್ಕ್-ಸ್ಟಡಿ ಹಣವನ್ನೂ ನೆರವಿಗೇ ಸೇರಿಸಿರುತ್ತಾರೆ. ಸಾಲ ತೀರಿಸೋರು ನೀವೇ ಅಲ್ವಾ? ಖರ್ಚು 80,000 ಡಾಲರ್, ನೆರವು 50,000 ಅಂದುಕೊಳ್ಳಿ. ಅದರಲ್ಲಿ 5,500 ಸಾಲ, 2,500 ವರ್ಕ್-ಸ್ಟಡಿ ಇದ್ದರೆ ನಿಜವಾದ ನೆರವು 42,000. ನಿಮ್ಮ ಪಾಲು 30,000 ಅಲ್ಲ, 38,000. ಆಮ್ಹರ್ಸ್ಟ್‌ನಂಥ ಕಾಲೇಜು ನೆರವಿನಲ್ಲಿ ಸಾಲ ಸೇರಿಸುವುದೇ ಇಲ್ಲ.

ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಸಿಗುತ್ತಾ, ಅದಕ್ಕೆ ಎಷ್ಟು ಅಂಕ ಬೇಕು ಅಂತ ಇಮೇಲ್‌ನಲ್ಲೇ ಕೇಳಿ.