‘ಏನಾದರೂ ಬೇಕಿದ್ದರೆ ಹೇಳಿ’ ಎಂದವರಿಗೆ ಏನು ಹೇಳಬೇಕು?

ಹಾವೇರಿ ಜಿಲ್ಲೆಯ ಓದುಗ ಸೋದರಿಯೊಬ್ಬರ ಪತ್ರ: “24 ವರ್ಷದ ತಮ್ಮನಿಗೆ ಎಎಂಎಲ್ ಎಂಬ ರಕ್ತದ ಕ್ಯಾನ್ಸರ್. ಬೆಂಗಳೂರಿನಲ್ಲಿ ಮೊದಲ ಕೀಮೋ ಶುರುವಾಗಿದೆ. ಬಂದವರೆಲ್ಲ ‘ಏನಾದರೂ ಬೇಕಿದ್ದರೆ ಹೇಳಿ’ ಅಂತಾರೆ. ಏನು ಕೇಳಬೇಕೋ ತೋಚುವುದಿಲ್ಲ. ರಕ್ತ ಬೇಕಾದರೆ ನಾನೇ ಕೊಡ್ತೀನಿ ಅಂದಿದ್ದೇನೆ. ಅವನಂತೂ ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾನೆ.”

ಸೋದರಿ, ಮೊದಲು ರಕ್ತದ ಮಾತು. ವೈದ್ಯರನ್ನು ಕೇಳದೆ ನೀವು ಕೊಡಬೇಡಿ. ಮುಂದೆ ಅಸ್ಥಿಮಜ್ಜೆ ಕಸಿ ಬೇಕಾಗಬಹುದು. ಒಡಹುಟ್ಟಿದ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗಲೇ ನಿಮ್ಮ ರಕ್ತ ಅವನ ಮೈ ಸೇರಿದರೆ, ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿ, ನಾಳೆ ನಿಮ್ಮದೇ ಮಜ್ಜೆಯನ್ನು ಅವನ ಮೈ ಒಪ್ಪದಿರಬಹುದು. ಅಪ್ಪ, ಅಮ್ಮನಿಗೂ ಇದೇ ಮಾತು.

ಹಾಗಾದರೆ ಕೊಡುವವರು ಯಾರು? ‘ಹೇಳಿ’ ಎಂದವರೇ. ಆದರೆ ಹತ್ತು ಜನರನ್ನು ಒಂದೇ ದಿನ ಕರೆತರಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಅವನಿಗೆ ಮತ್ತೆ ಮತ್ತೆ ಬೇಕಾಗುವುದು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ. ಅದು ಫ್ರಿಜ್ಜಿನಲ್ಲಿ ಇಡುವಂಥದ್ದಲ್ಲ. 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತ ಇಟ್ಟರೂ ಬಾಳುವುದು 5 ದಿನ. ಈ ಕೀಮೋ ನಂತರ ರಕ್ತಕಣಗಳ ಸಂಖ್ಯೆ (ಕೌಂಟ್) ತಳ ಹಿಡಿದು ಎರಡು ಮೂರು ವಾರ ಮೇಲೇಳುವುದಿಲ್ಲ. ಅಷ್ಟೂ ದಿನ ಸರದಿಯಲ್ಲಿ ಜನ ಬೇಕು.

ಒಂದು ನೋಟ್‌ಬುಕ್ ತೆಗೆದುಕೊಂಡು ಗೆರೆ ಎಳೆಯಿರಿ: ಹೆಸರು, ಫೋನ್, ರಕ್ತದ ಗುಂಪು, ತೂಕ, ಯಾವ ವಾರ ಬರಬಲ್ಲರು, ಕಳೆದ 3 ದಿನದಲ್ಲಿ ಆಸ್ಪಿರಿನ್ ನುಂಗಿದ್ದಾರೆಯೇ. ನುಂಗಿದ್ದರೆ ಅವರ ಪ್ಲೇಟ್‌ಲೆಟ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಂಗಳೂರಿಗೆ ಬಂದ ಮೇಲೆ ಗೊತ್ತಾದರೆ ಬಂದ ದಾರಿಗೆ ಸುಂಕವಿಲ್ಲ. ಯಂತ್ರದಲ್ಲಿ ಬರೀ ಪ್ಲೇಟ್‌ಲೆಟ್ ತೆಗೆದು ಉಳಿದ ರಕ್ತ ವಾಪಸ್ ಕೊಡುವ ಎಸ್‌ಡಿಪಿಗೆ ದಾನಿಯ ಪ್ಲೇಟ್‌ಲೆಟ್ ಕೌಂಟ್ ಒಂದೂವರೆ ಲಕ್ಷ ದಾಟಿರಬೇಕು, ತೋಳಿನ ನರ ದಪ್ಪವಿರಬೇಕು. ಆದ್ದರಿಂದ ಒಬ್ಬರು ಬೇಕಾದ ದಿನ ಇಬ್ಬರಿಗೆ ಹೇಳಿಡಿ. ‘ಕೊಟ್ಟರೆ ನಿಶ್ಶಕ್ತಿ’ ಎಂದು ಹಿಂಜರಿಯುವವರಿಗೆ ತಿಳಿಸಿ: 48 ಗಂಟೆ ಕಳೆದರೆ ಮತ್ತೆ ಕೊಡಲು ನಿಯಮದಲ್ಲೇ ಅವಕಾಶವಿದೆ, ವರ್ಷಕ್ಕೆ 24 ಸಲದವರೆಗೆ.

ಎರಡನೆಯ ಹೆಸರು ಕಾರು ಇರುವವರದು. ಡಿಸ್ಚಾರ್ಜ್ ಆದ ಮೇಲೆ ಜ್ವರ 100.4 ಮುಟ್ಟಿದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ಹೊರಡಬೇಕು. ಪ್ಯಾರಾಸಿಟಮಾಲ್ ಕೊಟ್ಟು ‘ಬೆಳಗಾಗಲಿ’ ಎಂದರೆ ಜ್ವರ ಇಳಿದಂತೆ ಕಾಣುತ್ತದೆ, ಒಳಗೆ ಸೋಂಕು ಏರುತ್ತಿರುತ್ತದೆ. ಬಿಳಿರಕ್ತಕಣ ಇಲ್ಲದ ಮೈಯಲ್ಲಿ ಗಂಟೆಗಳಲ್ಲೇ ಕೈಮೀರುತ್ತದೆ. ಫೋನ್ ತೆಗೆದು ಬರುವೆ ಎಂದು ಒಪ್ಪಿದ ಒಬ್ಬರ ನಂಬರ್ ಥರ್ಮಾಮೀಟರ್ ಡಬ್ಬಿಯ ಮೇಲೇ ಬರೆದಿಡಿ.

ಕಾಗದಪತ್ರಕ್ಕೆ ಓಡಾಡುವವರೊಬ್ಬರು ಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಲಿ. ವೈದ್ಯರು ಸಹಿ, ಮೊಹರು ಹಾಕಿದ ರಿಯಾಯಿತಿ ಫಾರಂ ಕೌಂಟರಿನಲ್ಲಿ ಕೊಟ್ಟರೆ, ಚಿಕಿತ್ಸೆಯ ಓಡಾಟಕ್ಕೆ ರೈಲಿನ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ತಮ್ಮನಿಗೆ ಪೂರ್ತಿ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ.

ಇನ್ನು ಆ ಗೋಡೆ ಕಡೆಯ ಮುಖ. ‘ಧೈರ್ಯವಾಗಿರು’ ಎಂಬ ಮಾತು ಅವನಿಗೆ ಸಾಕಾಗಿದೆ. ಅಳು ಬಂದರೂ ನುಂಗಬೇಕು ಎಂಬ ಅಪ್ಪಣೆಯ ಹಾಗೆ ಅದು ಕೇಳಿಸುತ್ತದೆ. ‘ಬಾಯಿಹುಣ್ಣು ಉರೀತಿದೆಯಾ? ಲೈಟ್ ಆರಿಸಲಾ?’ ಎಂದು ಕೇಳಿ, ಸುಮ್ಮನೆ ಕುಳಿತಿರಿ. ಗೆಳೆಯರು ಬರುವಂತಿಲ್ಲದಿದ್ದರೆ ದಿನಕ್ಕೊಬ್ಬರು ವಾಯ್ಸ್ ಮೆಸೇಜ್ ಕಳಿಸಲಿ, ಉತ್ತರ ಕೇಳದಿರಲಿ. ಊಟ, ನಿದ್ದೆ ಬಿಟ್ಟು ‘ಸಾಯೋದೇ ವಾಸಿ’ ಎಂದರೆ ಕೂಡಲೇ ವಾರ್ಡಿನ ವೈದ್ಯರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರ್ ನಿಮಗೂ ಹೌದು.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ವಾರಕ್ಕೆ ಎರಡು ರಾತ್ರಿ ವಾರ್ಡಿನಲ್ಲಿ ಮಲಗುವವರ ಹೆಸರಿರಲಿ. ಶೀತ, ಕೆಮ್ಮು ಇರುವವರು ಬೇಡ. ಆ ರಾತ್ರಿ ನೀವು ರೂಮಿಗೆ ಹೋಗಿ ಸ್ನಾನ ಮಾಡಿ ಮಲಗಿ.