ಓರಿಯೋ ಬಿಸ್ಕತ್ತನ್ನು ನೋಡಿ ಹೈಡ್ರಾಕ್ಸ್ ಮಾಡಿದರಾ?

ಇಲ್ಲ, ಹೈಡ್ರಾಕ್ಸ್ ಅನ್ನೋ ಬಿಸ್ಕತ್ತು ಬಂದದ್ದೇ ಮೊದಲು. ಎರಡು ಕಪ್ಪು ಚಾಕೊಲೇಟ್ ಬಿಸ್ಕತ್ತು, ನಡುವೆ ಬಿಳಿ ಕ್ರೀಮ್: ಈ ಜೋಡಿಯನ್ನು ಅಮೆರಿಕದ ಲೂಸ್-ವೈಲ್ಸ್ ಕಂಪನಿ 1908ರಲ್ಲೇ ಮಾರುತ್ತಿತ್ತು. ನ್ಯಾಷನಲ್ ಬಿಸ್ಕಿಟ್ ಕಂಪನಿಯ ಓರಿಯೋ ಬಂದದ್ದು 1912ರಲ್ಲಿ, ನ್ಯೂಯಾರ್ಕಿನ ಚೆಲ್ಸೀ ಕಾರ್ಖಾನೆಯಿಂದ.

ಹಾಗಾದರೆ ಮೊದಲು ಬಂದವರು ಯಾಕೆ ಹಿಂದೆ ಬಿದ್ದರು? ಹೆಸರೂ ಒಂದು ಕಾರಣ ಅಂತ ನನಗನಿಸುತ್ತದೆ. ಹೈಡ್ರೋಜನ್, ಆಕ್ಸಿಜನ್ ಸೇರಿಸಿ, ನೀರಿನಷ್ಟು ಶುದ್ಧ ಅನ್ನೋ ಅರ್ಥದಲ್ಲಿ ಇಟ್ಟ ಹೆಸರು ಅದು. ಕೇಳಿದರೆ ಔಷಧಿ ಅಂಗಡಿಯೇ ನೆನಪಾಗುತ್ತದೆ, ಅಲ್ವಾ? ನ್ಯಾಷನಲ್ ಬಿಸ್ಕಿಟ್ ಕಂಪನಿಯಂತೂ ತುಂಬಾ ದೊಡ್ಡದು, ಜಾಹೀರಾತಿನ ಬಲವೂ ಜಾಸ್ತಿ.

ಓರಿಯೋ ಕ್ರೀಮಿನಲ್ಲಿ 1990ರ ದಶಕದವರೆಗೂ ಹಂದಿ ಕೊಬ್ಬು ಇತ್ತು. ಯಹೂದಿ ಧರ್ಮದಲ್ಲಿ ಹಂದಿ ನಿಷಿದ್ಧ, ಹಾಗಾಗಿ ಯಹೂದಿ ಮನೆಗಳಲ್ಲಿ ಹೈಡ್ರಾಕ್ಸ್‌ಗೇ ಮರ್ಯಾದೆ. ಕೊಬ್ಬು ತೆಗೆದು 1997ರಲ್ಲಿ ಓರಿಯೋ ಕೋಷರ್, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು, ಆದಾಗ ಆ ಆಸರೆಯೂ ಹೋಯಿತು. 2003ರಲ್ಲಿ ಹೈಡ್ರಾಕ್ಸ್ ನಿಂತಿತು, 2015ರಲ್ಲಿ ಬೇರೆ ಕಂಪನಿಯೊಂದು ಮತ್ತೆ ತಂದಿತು.

ಭಾರತಕ್ಕೆ ಓರಿಯೋ ಬಂದದ್ದು 2011ರಲ್ಲಿ. ಕೈಯಲ್ಲಿದ್ದರೆ ಒಮ್ಮೆ ತಿರುಗಿಸಿ ನೋಡಿ. ಹೆಸರಿನ ಸುತ್ತ ನಾಲ್ಕು ಎಸಳಿನ ಪುಟ್ಟ ಹೂಗಳಿವೆ, 1952ರ ವಿನ್ಯಾಸ ಅದು.