ಅರ್ಜಿ ಹಾಕಿ ಸಾಕಾಯಿತು, ಇನ್ನೊಂದು ಪದವಿಗೆ ಸೇರಲೇ?

ಪ್ರಶ್ನೆ: ಅರ್ಥಶಾಸ್ತ್ರ ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಉದ್ಯೋಗ ತಾಣಗಳಲ್ಲಿ ಕಂಡ ಹುದ್ದೆಗಳಿಗೆಲ್ಲ ತಿಂಗಳುಗಳಿಂದ ಅರ್ಜಿ ಹಾಕುತ್ತಿದ್ದರೂ ಸಂದರ್ಶನಕ್ಕೆ ಒಂದು ಕರೆಯೂ ಬಂದಿಲ್ಲ. ಪರಿಚಯದವರನ್ನು ಕೇಳು ಎನ್ನುತ್ತಾರೆ ಅಪ್ಪ; ನನಗದು ಶಿಫಾರಸಿಗೆ ಅಂಗಲಾಚಿದಂತೆ ಅನ್ನಿಸುತ್ತದೆ. ಇನ್ನೊಂದು ಪದವಿಗೆ ಸೇರಿಬಿಡಲೇ?

ಉತ್ತರ: ಸಂದರ್ಶನದಲ್ಲಿ ತಿರಸ್ಕೃತರಾಗುವುದು ಬೇರೆ, ಕರೆಯೇ ಬಾರದಿರುವುದು ಬೇರೆ. ನಿಮ್ಮದು ಎರಡನೆಯದು, ಅಂದರೆ ನಿಮ್ಮ ಯೋಗ್ಯತೆಯನ್ನು ಇನ್ನೂ ಯಾರೂ ಅಳೆದಿಲ್ಲ, ಸೋತಿರುವುದು ಅರ್ಜಿ ಮಾತ್ರ.

ಪತ್ರದ ಜೊತೆಗಿಟ್ಟಿದ್ದ ನಿಮ್ಮ ಸ್ವವಿವರವನ್ನು ಓದಿದೆ. ಮೊದಲ ಅರ್ಧ ಪುಟವನ್ನು ‘ಪರಿಶ್ರಮಿ’, ‘ತಂಡದೊಂದಿಗೆ ಹೊಂದಿಕೊಳ್ಳುವವಳು’ ಎಂಬಂಥ, ಯಾರು ಬೇಕಾದರೂ ಬರೆದುಕೊಳ್ಳಬಹುದಾದ ಮಾತುಗಳು ನುಂಗಿವೆ. ಮನೆಮನೆಗೆ ಹೋಗಿ ಖರ್ಚುವೆಚ್ಚದ ಸಮೀಕ್ಷೆ ನಡೆಸಿ, ಎಕ್ಸೆಲ್‌ನಲ್ಲಿ ಅಂಕಿಅಂಶ ಕ್ರೋಡೀಕರಿಸಿ ವರದಿ ಬರೆದ ಪ್ರಾಜೆಕ್ಟ್ ಎರಡನೇ ಪುಟದ ತಳದಲ್ಲಿ ಒಂದು ಸಾಲಾಗಿ ಮುದುಡಿ ಕೂತಿದೆ. ಅದನ್ನು ಮೇಲಕ್ಕೆ ತನ್ನಿ. ಎಷ್ಟು ಮನೆಗಳು, ನೀವು ಸ್ವತಃ ಮಾಡಿದ್ದೇನು, ಕಂಡುಕೊಂಡದ್ದೇನು ಎಂಬುದನ್ನು ಮೂರ್ನಾಲ್ಕು ಸಾಲುಗಳಲ್ಲಿ ಬರೆಯಿರಿ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳು ಬಹುಮಟ್ಟಿಗೆ ಮೊದಲು ತಂತ್ರಾಂಶವೊಂದರಲ್ಲಿ ಶೇಖರವಾಗುತ್ತವೆ, ನೇಮಕಾತಿಯವರು ಪದಗಳನ್ನು ಕೊಟ್ಟು ಅದರಲ್ಲಿ ಹುಡುಕುತ್ತಾರೆ. ಆದ್ದರಿಂದ ಪ್ರಕಟಣೆಯಲ್ಲಿ ‘ದತ್ತಾಂಶ ವಿಶ್ಲೇಷಣೆ’ ಎಂದಿದ್ದು, ನಿಮಗದು ನಿಜವಾಗಿ ಬರುವುದಾದರೆ, ಅದೇ ಪದ ನಿಮ್ಮ ಸ್ವವಿವರದಲ್ಲೂ ಇರಲಿ. ಇಷ್ಟು ತಿದ್ದಿ ಕಳಿಸಿದ ಹತ್ತು ಅರ್ಜಿಗಳು, ಒಂದೇ ಪ್ರತಿಯನ್ನು ನೂರು ಕಡೆ ಎಸೆಯುವುದಕ್ಕಿಂತ ಮೇಲು.

ಇನ್ನು ಅಪ್ಪನ ಮಾತು. ಈ ವಿಷಯದಲ್ಲಿ ನಾನು ಅವರ ಪಕ್ಷ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಪರಿಚಿತರಿಂದ ಕೆಲಸದ ಸುಳಿವು ಪಡೆದವರಲ್ಲಿ, ಆ ಪರಿಚಿತರನ್ನು ಪದೇಪದೇ ಭೇಟಿಯಾಗುತ್ತಿದ್ದವರು ಸುಮಾರು ಶೇ 17ರಷ್ಟು ಮಾತ್ರ. ಉಳಿದವರಿಗೆ ಸುಳಿವು ಸಿಕ್ಕಿದ್ದು ಆಗೀಗ ಅಥವಾ ಅಪರೂಪಕ್ಕೆ ಕಾಣುತ್ತಿದ್ದವರಿಂದ. ಕಾರಣ ಸರಳವಾಗಿದೆ: ಆಪ್ತ ಗೆಳತಿಗೆ ಗೊತ್ತಿರುವ ಹುದ್ದೆಗಳು ಹೆಚ್ಚಾಗಿ ನಿಮಗೂ ಗೊತ್ತಿರುತ್ತವೆ, ಎರಡು ವರ್ಷ ಮೊದಲು ಓದು ಮುಗಿಸಿದ ಹಿರಿಯ ವಿದ್ಯಾರ್ಥಿಯ ಕಚೇರಿಯ ಸುದ್ದಿ ಗೊತ್ತಿರುವುದಿಲ್ಲ. ಅವರಿಗೆ ‘ಕೆಲಸ ಕೊಡಿಸಿ’ ಎಂದು ಬರೆಯಬೇಡಿ. ಅದು ಅವರ ಕೈಯಲ್ಲೂ ಇರುವುದಿಲ್ಲ, ನೀವು ಹೆದರುವ ಅಂಗಲಾಚುವಿಕೆಯೂ ಅದೇ. ‘ನಿಮ್ಮ ವಿಭಾಗದಲ್ಲಿ ಹೊಸಬರಿಂದ ಏನನ್ನು ನಿರೀಕ್ಷಿಸುತ್ತಾರೆ, ಹದಿನೈದು ನಿಮಿಷ ಮಾತನಾಡಬಹುದೇ?’ ಎಂದು ಕೇಳಿ. ಕೆಲವರು ಉತ್ತರಿಸುವುದಿಲ್ಲ, ವಾರದ ನಂತರ ಒಮ್ಮೆ ನೆನಪಿಸಿ ಸುಮ್ಮನಾಗಿ. (ನೇಮಕಾತಿಗೆ ಮುಂಗಡ ಹಣ ಕೇಳುವವರು ಸಿಕ್ಕರೆ ಮಾತು ಅಲ್ಲಿಗೇ ನಿಲ್ಲಿಸಿ.)

ಇನ್ನೊಂದು ಪದವಿಯ ಬಗ್ಗೆ ಹೇಳುವುದಾದರೆ, ಓದುವ ಆಸೆಯಿಂದ ಸೇರುವುದಕ್ಕೆ ನನ್ನ ಅಡ್ಡಿಯಿಲ್ಲ. ಅರ್ಜಿ ಹಾಕುವ ಸಂಕಟದಿಂದ ಪಾರಾಗಲು ಸೇರಿದರೆ, ಅದೇ ಸಂಕಟ ಶುಲ್ಕದ ಸಾಲದೊಂದಿಗೆ ಮತ್ತೆ ಎದುರಾಗಬಹುದು. ನಿಮಗೆ ಬೇಕಾದ ಹುದ್ದೆಗೆ ಆ ಪದವಿ ನಿಜಕ್ಕೂ ಅಗತ್ಯವೇ ಎಂಬುದನ್ನು ಪ್ರವೇಶದ ಅರ್ಜಿ ತುಂಬುವ ಮೊದಲು ಆ ಹಿರಿಯರಲ್ಲೇ ವಿಚಾರಿಸಿ.